ವಾಯುಪ್ರವೇಶದ ಉಷ್ಣಮೀಮಾಂಸೆ: ಒಂದು ಬಹುನೆಲೆಯ ತಾತ್ವಿಕ ಅನುಸಂಧಾನ

ಪ್ರಸ್ತಾವನೆ

ಕಾರಿನ ಎಂಜಿನ್ ಗಾಳಿಯನ್ನು ಎಳೆದುಕೊಳ್ಳುತ್ತದೆ ಎಂಬ ಸರಳೀಕೃತ ಗ್ರಹಿಕೆಯನ್ನು ಪ್ರಸ್ತುತ ಪ್ರಬಂಧವು ಆರಂಭದಲ್ಲೇ ಸಮಸ್ಯಾತ್ಮಕಗೊಳಿಸಬಯಸುತ್ತದೆ. ಎಂಜಿನ್ ಗಾಳಿಯನ್ನು ಎಳೆದುಕೊಳ್ಳುವುದಿಲ್ಲ, ಗಾಳಿಯೊಡನೆ ಮುಖಾಮುಖಿಯಾಗುತ್ತದೆ. ಈ ಮುಖಾಮುಖಿಯಲ್ಲಿ ‘ಬಿಸಿ’ಯು ಅನ್ಯವಾಗಿ ಕಟ್ಟಲ್ಪಡುವ ಬಗೆಯನ್ನೂ, ಆ ಅನ್ಯವನ್ನು ಶಮನಗೊಳಿಸುವ ಯಜಮಾನಿಕೆಯ ರಾಜಕಾರಣವನ್ನೂ ಬಾನೆಟ್ ಎಂಬ ಮುಚ್ಚಿದ ಪಠ್ಯದೊಳಗಿಂದ ಶೋಧಿಸುವುದು ನಮ್ಮ ಉದ್ದೇಶ. ಪೂರ್ವಸೂರಿಗಳು ಬಾನೆಟ್ ಎತ್ತಿ ನೋಡಿದ್ದಾರೆ. ನಾವು ಎತ್ತದೆಯೇ ನೋಡುತ್ತೇವೆ. ಈ ಅಧ್ಯಯನದ ವೈಧಾನಿಕ ಅನನ್ಯತೆ ಇರುವುದೇ ಅಲ್ಲಿ.

ತಾತ್ವಿಕ ಚೌಕಟ್ಟು

ಒತ್ತಡ ಬದಲಾಗದಿದ್ದರೆ ಕಾದ ಗಾಳಿ ಹಿಗ್ಗುತ್ತದೆ. ಫ್ರಾನ್ಸಿನ ಗೇ-ಲುಸಾಕ್ ಇದನ್ನು 1802ರಲ್ಲಿ ಪ್ರಕಟಿಸುವಾಗ, ತನಗಿಂತ ಮೊದಲು ಇದನ್ನು ಕಂಡೂ ಪ್ರಕಟಿಸದೆ ಬಿಟ್ಟಿದ್ದ ಚಾರ್ಲ್ಸ್‌ಗೆ ಶ್ರೇಯಸ್ಸು ಸಲ್ಲಿಸಿದ. ಈ ಪದ್ಧತಿ ಮುಂದೆ ವಿದ್ವತ್‌ವಲಯದಲ್ಲಿ ಬೇರೂರಿದ್ದಕ್ಕೆ ಪುರಾವೆಗಳು ಕಡಿಮೆ. ಹಿಗ್ಗಿದ ಗಾಳಿ ತೆಳುವಾಗುತ್ತದೆ. ಹೊರಗಿನ 32 ಡಿಗ್ರಿಯ ಗಾಳಿ ಬಾನೆಟ್ಟಿನೊಳಗೆ 60 ಡಿಗ್ರಿಗೆ ಕಾದರೆ, ಅಷ್ಟೇ ಜಾಗದಲ್ಲಿ ಸುಮಾರು ಶೇಕಡ 8ರಷ್ಟು ಕಡಿಮೆ ಗಾಳಿ ಹಿಡಿಯುತ್ತದೆ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಪೆಟ್ರೋಲೂ ಕಡಿಮೆ, ಪಿಕಪ್ಪೂ ಕಡಿಮೆ. ಇಲ್ಲಿಗೆ ವಿಷಯ ಮುಗಿಯಿತು. ಆದರೆ ಇದು ವಿದ್ವತ್ ಪ್ರಬಂಧವಾದ್ದರಿಂದ ಮುಂದುವರಿಯತಕ್ಕದ್ದು.

ಉಷ್ಣದ ಪಂಚವಿಧ ವರ್ಗೀಕರಣ

ಒಂದು: ಸಹಜೋಷ್ಣ. ಇದು ಊರಿನ ಬಿಸಿ. ಕಲಬುರಗಿಯ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಶಮನೋಪಾಯ: ಮಡಿಕೇರಿಗೆ ಹೋಗುವುದು. ಆದರೆ ಮಡಿಕೇರಿ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡವೇ ಕಡಿಮೆ. ತಂಪು ಕೊಟ್ಟದ್ದನ್ನು ಎತ್ತರ ಕಿತ್ತುಕೊಳ್ಳುತ್ತದೆ. ಇದನ್ನು ದ್ವಂದ್ವಾತ್ಮಕತೆ ಎನ್ನಬಹುದು. ಎನ್ನದಿದ್ದರೆ ಗೋಷ್ಠಿಯ ಅಧ್ಯಕ್ಷರು ಕೇಳುತ್ತಾರೆ.

ಎರಡು: ಸಂಸರ್ಗೋಷ್ಣ. ರೇಡಿಯೇಟರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮುಂತಾದವರ ನೆರೆಹೊರೆಯಿಂದ ಗಾಳಿಗೆ ತಗಲುವ ದೋಷ. ಈ ನೆಲೆಯಲ್ಲಿ ಕಾರು ಕಂಪನಿಯ ಎಂಜಿನಿಯರುಗಳು ಯಾವ ತಾತ್ವಿಕ ಸಿದ್ಧತೆಯೂ ಇಲ್ಲದೆ ಒಂದು ಕೊಳವೆಯ ಬಾಯನ್ನು ಗ್ರಿಲ್ಲಿನ ಹಿಂದೆ, ರೇಡಿಯೇಟರಿಗಿಂತ ಮುಂದೆ ತಂದಿಟ್ಟಿದ್ದಾರೆ. ಹೊರಗಿನ ಗಾಳಿ ಅದರ ಮೂಲಕ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಗೆ, ಪೇಪರ್ ಫಿಲ್ಟರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುತ್ತದೆ. ಪ್ಲಾಸ್ಟಿಕ್ ಅಲ್ಯೂಮಿನಿಯಮ್ಮಿನಂತೆ ಬೇಗ ಶಾಖ ದಾಟಿಸುವುದಿಲ್ಲ. ವ್ಯತ್ಯಾಸ ನೂರಾರು ಪಟ್ಟು. ಒಂದು ಉಲ್ಲೇಖವೂ ಇಲ್ಲದೆ ಮಾಡಿದ ಕೆಲಸವಾದ್ದರಿಂದ ಇದನ್ನು ನಾವು ಸಂಶೋಧನೆ ಎಂದು ಮಾನ್ಯ ಮಾಡುವುದಿಲ್ಲ.

ಮೂರು: ಸಂಪೀಡನೋಷ್ಣ. ಟರ್ಬೊ ಇರುವ ಗಾಡಿಗೆ ಮಾತ್ರ. 30 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಹಿಂಡಿದರೆ ಅದು 100 ಡಿಗ್ರಿ ದಾಟುತ್ತದೆ. ಅದನ್ನು ಆರಿಸಲೆಂದೇ ಇಂಟರ್‌ಕೂಲರ್ ಇದೆ. ಅದರ ರೆಕ್ಕೆಗಳ ಸಂದಿಯಲ್ಲಿ ಕೆಸರು, ಸತ್ತ ಹುಳು, ಹಾರಿ ಬಂದ ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡಿರುವುದನ್ನು ‘ಪರಿಧಿಯ ಪ್ರತಿರೋಧ’ ಎಂದು ಓದಬಹುದು.

ನಾಲ್ಕು: ಆಭರಣೋಷ್ಣ. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ನನ್ನ ತಂಗಿಯ ಮಗ ದುಬಾರಿ ಬೆಲೆ ತೆತ್ತು ಪಡೆದದ್ದು ಇದನ್ನು. ಕಂಪನಿ ಡಬ್ಬಿಯನ್ನು ಕಿತ್ತು ಡಿಕ್ಕಿಗೆ ಎಸೆದು, ಅದರ ಜಾಗದಲ್ಲಿ ಫಳಫಳ ಹೊಳೆಯುವ ಅಲ್ಯೂಮಿನಿಯಂ ಪೈಪು, ತುದಿಯಲ್ಲಿ ಕೆಂಪು ಕೋನ್ ಫಿಲ್ಟರ್. ಹೆಸರು ಕೋಲ್ಡ್ ಏರ್ ಕಿಟ್. ಮಾರಿದಾತ ವಾಲ್ಯುಮೆಟ್ರಿಕ್ ಎಫಿಶಿಯೆನ್ಸಿ, ಲ್ಯಾಮಿನಾರ್ ಫ್ಲೋ ಎಂದೆಲ್ಲ ಉಪನ್ಯಾಸ ಕೊಟ್ಟನಂತೆ. “ಮಾವ, ಸೌಂಡ್ ಕೇಳಿ!” ಎಂದ ಹುಡುಗ. ಕೇಳಿದೆ. ಸೌಂಡು ಹೆಚ್ಚಿತ್ತು. ಏರು ಹತ್ತುವಾಗ ಕಾರು ಮೊದಲಿಗಿಂತ ಮಂಕಾಗಿತ್ತು.

ಗ್ಯಾರೇಜಿಗೆ ಒಯ್ದೆವು. ಗ್ಯಾರೇಜಿನ ಹುಡುಗ ಬಾನೆಟ್ ಎತ್ತಿದ, ಪೈಪಿನ ಮೇಲೆ ಕೈಯಿಟ್ಟು ತಟಕ್ಕನೆ ತೆಗೆದ. “ಇದು ರೇಡಿಯೇಟರ್ ಹಿಂದ್ಗಡೆ ಬಾಯಿ ಬಿಟ್ಕೊಂಡು ಕೂತದೆ ಸಾರ್, ಫ್ಯಾನಿನ ಬಿಸಿಗಾಳಿನೇ ಕುಡೀತಾ ಐತೆ. ಬಿಸಿಗಾಳೀಲಿ ದಮ್ಮಿರಲ್ಲ.” ಹಳೆ ಡಬ್ಬಿ ಎಲ್ಲಿ ಎಂದು ಕೇಳಿದ. ಅವನು ಪಿಯುಸಿ ಸೈನ್ಸಿಗೆ ಸೇರಿ, ಕೆಮಿಸ್ಟ್ರಿ ಹೋಗಿ, ಓದು ಬಿಟ್ಟವನು. ಕಾದ ಗಾಳಿ ಹಿಗ್ಗುವ ಚಾರ್ಲ್ಸ್ ನಿಯಮ ಇದ್ದದ್ದು ಅದೇ ಕೆಮಿಸ್ಟ್ರಿ ಪುಸ್ತಕದಲ್ಲಿ.

ಐದನೇ ವಿಧ ಯಾವುದೆಂದು ಕೇಳಬೇಡಿ. ಅದಕ್ಕೆ ಒಳ್ಳೆಯ ಸಂಸ್ಕೃತ ಹೆಸರೊಂದನ್ನು ಇಟ್ಟಿದ್ದೆ, ಬರೆಯುವ ಮನಸ್ಸಿಲ್ಲ.

ಏಕೆಂದರೆ ನನಗೆ ಸಿಟ್ಟು ಬಂದಿದೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಈ ಗ್ಯಾರೇಜಿನ ಹುಡುಗ ಮರುವರ್ಷ ಏಕಾಏಕಿ ಇಂಗ್ಲಿಷ್ ಕೆಮಿಸ್ಟ್ರಿಯ ಮುಂದೆ ಕೂತಾಗ, ಅವನಿಗೆ ಆಸರೆಯಾಗಬೇಕಿದ್ದ ಕನ್ನಡ ಎಲ್ಲಿತ್ತು? ವಿಚಾರ ಸಂಕಿರಣದಲ್ಲಿತ್ತು. ‘ನೆಲೆ’, ‘ಆಯಾಮ’, ‘ಕಥನ’, ‘ಮುಖಾಮುಖಿ’ ಎಂದು ಮೈಕಿನ ಮುಂದೆ ನಿಂತಿತ್ತು. ಯಾರೂ ಓದದ ಪುಟಗಳನ್ನು ಬಡ್ತಿಗಾಗಿ ಅಚ್ಚು ಹಾಕಿಸಿದ್ದೇವೆ. ಬಿಸಿಗಾಳಿಯಲ್ಲಿ ದಮ್ಮು ಏಕಿರುವುದಿಲ್ಲ ಎಂಬುದನ್ನು ಅವನಿಗೆ ಹಿಡಿಯುವ ಮಾತಿನಲ್ಲಿ ಒಂದೇ ಒಂದು ಪುಟ ಬರೆದುಕೊಟ್ಟಿಲ್ಲ. ಅಂಗಡಿಯವನದು ಇಂಗ್ಲಿಷ್ ಡಂಬಾಚಾರ, ನಮ್ಮದು ಕನ್ನಡದ್ದು. ಇಬ್ಬರೂ ಬಾನೆಟ್ ಎತ್ತಿದವರಲ್ಲ. ಎತ್ತಿದವನು ಫೇಲು.

ಉಪಸಂಹಾರಕ್ಕೆ ಬದಲಾಗಿ

ಕಂಪನಿ ಡಬ್ಬಿ ಡಿಕ್ಕಿಯಲ್ಲಿದ್ದರೆ ಮತ್ತೆ ಹಾಕಿಸಿ. ಮುಂದಿನ ಕೊಳವೆ ಕ್ಲಿಪ್ಪಿನಿಂದ ಕಳಚಿಕೊಂಡಿದೆಯೇ, ಒಡೆದಿದೆಯೇ ನೋಡಿ. ಕಳಚಿದ್ದರೆ ಡಬ್ಬಿ ಇದ್ದೂ ಒಳಗಿನ ಬಿಸಿಗಾಳಿಯೇ ಗತಿ. ಎಕ್ಸಾಸ್ಟ್ ಮೇಲಿನ ತಗಡಿನ ಹೀಟ್ ಶೀಲ್ಡನ್ನು ಸರ್ವಿಸಿನಲ್ಲಿ ಬಿಚ್ಚಿದವರು ವಾಪಸ್ ಹಾಕಿದ್ದಾರೆಯೇ ಕೇಳಿ. ಟರ್ಬೊ ಗಾಡಿಯಾದರೆ ಇಂಟರ್‌ಕೂಲರಿಗೆ ಜೋರಿಲ್ಲದ ನೀರು ಬಿಡಿಸಿ. ಜೋರು ನೀರಿಗೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ತಂಪು ಗಾಳಿಯ ಆಸೆಗೆ ಫಿಲ್ಟರನ್ನು ಬಂಪರಿನ ತಳಕ್ಕೆ ಇಳಿಸಬೇಡಿ: ಮಳೆಗಾಲದ ಅಂಡರ್‌ಪಾಸಿನಲ್ಲಿ ಅದು ನೀರು ಕುಡಿಯುತ್ತದೆ, ನೀರನ್ನು ಹಿಂಡಲು ಪಿಸ್ಟನ್ನಿಗೆ ಆಗದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವಾಗ ಗಾಳಿ ಬಿಸಿಯಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲಷ್ಟೇ ಗೊತ್ತಾಗುವುದು. ಆದ್ದರಿಂದ ದುಡ್ಡು ಉಳಿಸಿ, ಹೊಸ ಪೇಪರ್ ಫಿಲ್ಟರ್ ಹಾಕಿಸಿ.

ಈ ಕೊನೆಯ ಪ್ಯಾರಾಕ್ಕೆ ಯಾವ ವಿಶ್ವವಿದ್ಯಾಲಯವೂ ಅಂಕ ಕೊಡುವುದಿಲ್ಲ. ಮೇಲಿನದ್ದಕ್ಕೆ ಕೊಡಬಹುದು.