ಭಾವನ ಸಾಮ್ರಾಜ್ಯ

ನಮ್ಮ ಭಾವ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡಿ, ಮೇಲೆ ಎರಡು ಎಸಳು ಕರಿಬೇವು ಗಿಟ್ಟಿಸದೆ ತರಕಾರಿ ಗಾಡಿಯ ಮುಂದಿನಿಂದ ಕದಲುವವರಲ್ಲ. ಅಂಥವರು ಒಂದೇ ವಿಡಿಯೋ ಗೇಮಿಗೆ ಮೂರು ಸಲ ದುಡ್ಡು ಸುರಿದಿದ್ದಾರೆ ಎನ್ನುವುದನ್ನು ಅಕ್ಕ ಬ್ಯಾಂಕಿನ ಮೆಸೇಜು ನೋಡಿದ ಮೇಲೂ ನಂಬಲಿಲ್ಲ.

ಆಟ ‘ಏಜ್ ಆಫ್ ಎಂಪೈರ್ಸ್ 2’. ಬಂದದ್ದು 1999ರಲ್ಲಿ. ಆಗ ಭಾವ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದರು. ಎಸ್.ಪಿ. ರೋಡಿನಿಂದ ಯಾರೋ ತಂದ, ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ಸಿ.ಡಿ. ಇಡೀ ಹಾಸ್ಟೆಲಿಗೆ ಒಂದೇ. ಕಂಪನಿಗೆ ಹೋದದ್ದು ಸೊನ್ನೆ. 2013ರಲ್ಲಿ ಅದೇ ಆಟಕ್ಕೆ ‘ಎಚ್.ಡಿ.’ ಎಂದು ಬಣ್ಣ ಬಳಿದು ಬಿಟ್ಟಾಗ ಭಾವ ಮೊದಲ ಸಲ ಕಾರ್ಡು ಉಜ್ಜಿದರು. 2019ರಲ್ಲಿ ಮತ್ತೆ ತಿಕ್ಕಿ ತೊಳೆದು ‘ಡೆಫಿನಿಟಿವ್ ಎಡಿಷನ್’ ಎಂದರು. ಮತ್ತೆ ಉಜ್ಜಿದರು.

“ಹುಡುಗಾಟದಲ್ಲಿ ಮಾಡಿದ ಪಾಪ ಕಣೋ, ತೀರಿಸ್ತಿದೀನಿ” ಅಂತಾರೆ. ಪಾಪ ಮಾಡಿದವರಿಗೆಲ್ಲ ಈಗ ಸಂಬಳ ಬರುತ್ತಿದೆ ಎನ್ನುವುದು ಕಂಪನಿಗೆ ಚೆನ್ನಾಗಿ ಗೊತ್ತಿರಬೇಕು.

2022ರಲ್ಲಿ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಬಾಲಂಗೋಚಿ ಬಂತು. ದ್ರಾವಿಡರು, ಉರುಮಿ ಬೀಸುವ ಯೋಧರು, ರಾಜೇಂದ್ರ ಚೋಳನ ದಂಡಯಾತ್ರೆ. “ನಮ್ಮೋರು ಬಂದ್ರು!” ಎಂದು ಮೂರನೇ ಸಲ ದುಡ್ಡು ಕಟ್ಟಿದರು. ಕಟ್ಟಿದ ಮೇಲೆ ಹೊಳೆಯಿತು: ಈ ರಾಜೇಂದ್ರ ನಮ್ಮ ಕಲ್ಯಾಣದ ಚಾಲುಕ್ಯರ ಮೇಲೇ ಕತ್ತಿ ಹಿರಿದವನಲ್ಲವೆ? ಎರಡು ದಿನ ಧರ್ಮಸಂಕಟ. ಮೂರನೇ ದಿನ ಚೋಳರ ಪರವಾಗಿಯೇ ಆನೆ ಏರಿದರು. ಕಟ್ಟಿದ ದುಡ್ಡು ವಾಪಸು ಬರುವುದಿಲ್ಲವಲ್ಲ.

ಆಟದಲ್ಲಿ ಭಾವ ಬಲು ಕಟ್ಟುನಿಟ್ಟು. ಒಬ್ಬ ಹಳ್ಳಿಗ ಅರೆಕ್ಷಣ ಕೈಕಟ್ಟಿ ನಿಂತರೂ ಸಹಿಸರು. ಹಿಡಿದು ಸೌದೆ ಕಡಿಯಲು ಅಟ್ಟುತ್ತಾರೆ. ಇತ್ತ ಅಡುಗೆಮನೆಯ ನಲ್ಲಿ ಯುಗಾದಿಯಿಂದ ತೊಟ್ಟಿಕ್ಕುತ್ತಿದೆ, ಈಗ ಗೌರಿ ಹಬ್ಬ. ಊಟಕ್ಕೆ ಕರೆದು ಕರೆದು ಅಕ್ಕನ ಗಂಟಲು ಕಟ್ಟುತ್ತದೆ. ಹೇಗೆ ಏಳುತ್ತಾರೆ ಹೇಳಿ, ‘ಚೀಸ್ ಸ್ಟೀಕ್ ಜಿಮ್ಮೀಸ್’ ಎಂದು ಟೈಪಿಸಿದರೆ ಅಲ್ಲಿ ಒಂದೇ ಏಟಿಗೆ 10,000 ಆಹಾರ ಸಿಗುತ್ತದೆ!

ಹೊಸ ಆಟಗಳ ಮಾತೆತ್ತಬಾರದು. “ನೂರು ಜಿ.ಬಿ. ನುಂಗಿ, ಅರ್ಧ ಗಂಟೆ ಸಿನಿಮಾ ತೋರಿಸಿ, ಆಮೇಲೆ ನಡೆಯೋದು ಹೇಗೆ ಅಂತ ಕಲಿಸುತ್ತೆ. ನಡೆಯೋಕೆ ಬರಲ್ವಾ ನಂಗೆ?”

ಹನ್ನೆರಡು ವರ್ಷದ ಮಗಳು ನಗುತ್ತಾಳೆ: “ಅಪ್ಪಂದು ಡೈನೋಸಾರ್ ಕಾಲದ ಗೇಮು.” ಅವಳು ಹಗಲೂ ರಾತ್ರಿ ಇಟ್ಟಿಗೆ ಜೋಡಿಸುವ ಮೈನ್‌ಕ್ರಾಫ್ಟ್ ಪೂರ್ತಿ ರೂಪದಲ್ಲಿ ಬಿಡುಗಡೆಯಾದದ್ದು 2011ರಲ್ಲಿ, ಅವಳಿಗೇ ಅಕ್ಕನಾಗಬೇಕು. 2023ರ ಹೊತ್ತಿಗೆ 30 ಕೋಟಿ ಪ್ರತಿ ದಾಟಿದ ಆಟ ಅದು. ಭಾವ ಈ ಅಂಕಿಯನ್ನು ಬಾಯಿಪಾಠ ಮಾಡಿಟ್ಟುಕೊಂಡು, ಅವಳು ನಕ್ಕಾಗಲೆಲ್ಲ ಒಪ್ಪಿಸುತ್ತಾರೆ. ಅವಳು ಹೆಡ್‌ಫೋನ್ ಹಾಕಿಕೊಳ್ಳುತ್ತಾಳೆ.

ಮೊನ್ನೆ ಎಲ್‌ಐಸಿ ಬಾಂಡು ಹುಡುಕುವಾಗ ಬೀರುವಿನಲ್ಲಿ ಆ ಹಾಸ್ಟೆಲ್ ಸಿ.ಡಿ. ಸಿಕ್ಕಿತಂತೆ. ಬಾಂಡು ಸಿಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನು, ದನಿ ತಗ್ಗಿಸಿ:

“ಎಸ್.ಪಿ. ರೋಡ್ ಕಡೆ ಹೋಗೋದಿದ್ಯೇನೋ? ಹೊರಗಿಂದ ಸಿಕ್ಕಿಸೋ ಸಿ.ಡಿ. ಡ್ರೈವ್ ಒಂದು ಬೇಕಿತ್ತು. ನಿಮ್ಮಕ್ಕಂಗೆ ಹೇಳ್ಬೇಡ.”