ಪ್ರಿಂಟ್ ಮೀಮಾಂಸೆ ಅಥವಾ ಅದೃಶ್ಯಾಕ್ಷರ ವಿಚಾರ

ಈ ಶಾಸ್ತ್ರಕ್ಕೆ ವಿಷಯ: ಪ್ರೋಗ್ರಾಮು ಪ್ರಿಂಟ್ ಮಾಡಿದ್ದು ಸರಿಯೋ ತಪ್ಪೋ ಎಂಬುದರ ನಿರ್ಣಯ. ಅಧಿಕಾರಿ: ಯೂನಿಟ್ ಟೆಸ್ಟ್ ಬರೆಯಲು ಸಿಕ್ಕಿಬಿದ್ದವನು. ಪ್ರಯೋಜನ: ಟರ್ಮಿನಲ್ ನೋಡುತ್ತ ಕೂರುವ ಕರ್ಮದಿಂದ ಬಿಡುಗಡೆ. ಸಂಬಂಧ: ಹುಡುಕಲಾಗುತ್ತಿದೆ.

1978ರಲ್ಲಿ ಕರ್ನಿಘನ್, ರಿಚಿ ಎಂಬ ಋಷಿದ್ವಯರು ತಮ್ಮ ಸಿ ಗ್ರಂಥದಲ್ಲಿ 'ಹಲೋ, ವರ್ಲ್ಡ್' ಮಂತ್ರವನ್ನು ಉಪದೇಶಿಸಿದಾಗ, ತುದಿಗೆ ಹೊಸಸಾಲಿನ ಬೀಜಾಕ್ಷರವನ್ನು ಕೈಯಾರೆ ಇಟ್ಟರು. ಪೈಥಾನಿನ ಪ್ರಿಂಟಾದರೋ ಅದನ್ನು ಕೇಳದೆಯೇ ಸೇರಿಸುತ್ತದೆ. ಕಲಿಯುಗ ಪ್ರಾರಂಭ.

ಇಲ್ಲಿ ಪೂರ್ವಪಕ್ಷ. ಫಂಕ್ಷನ್ ಹಿಂದಿರುಗಿಸಿದ್ದನ್ನು ಹೋಲಿಸಬಹುದು. ಪ್ರಿಂಟಾದದ್ದು ಸ್ಕ್ರೀನ್ ಸೇರಿ ಮುಕ್ತವಾಯಿತು, ಮುಕ್ತರನ್ನು ಪರೀಕ್ಷಿಸುವುದೆಂತು? ಸಮಾಧಾನ: ಸ್ಕ್ರೀನಿಗೆ ಹೋಗುವ ಮುನ್ನವೇ ಹಿಡಿಯುವುದು. ಪೈಥಾನ್ 3.4ರಿಂದ ಈಚೆಗೆ ರಿಡೈರೆಕ್ಟ್-ಸ್ಟಡ್‌ಔಟ್ ಎಂಬ ಉಪಾಯವಿದೆ. ಸ್ಟ್ರಿಂಗ್‌ಐಓ ಎಂಬ ಬುಟ್ಟಿಯನ್ನು ಅಡಿಗೆ ಹಿಡಿದರಾಯಿತು. ಪೈಟೆಸ್ಟ್ ಮತದವರ ಬುಟ್ಟಿ ಕ್ಯಾಪ್‌ಸಿಸ್. ಅದನ್ನು ಒಮ್ಮೆ ಓದಿದರೆ ಬರಿದು. ಮತ್ತೆ ಓದಿದವನಿಗೆ ಶೂನ್ಯಸಿದ್ಧಿ. ಪ್ರೋಗ್ರಾಮು ಹೆತ್ತ ಸಬ್‌ಪ್ರೊಸೆಸ್ಸು ಈ ಬುಟ್ಟಿಗೆ ಸೊಪ್ಪು ಹಾಕದೆ ಫೈಲ್ ಡಿಸ್ಕ್ರಿಪ್ಟರ್ 1ಕ್ಕೆ ನೇರವಾಗಿ ಬರೆಯುತ್ತದೆ. ಅದರ ಕಿವಿ ಹಿಂಡಲು ಕ್ಯಾಪ್‌ಎಫ್‌ಡಿಯೇ ಬೇಕು. ಜಾವಾದಲ್ಲಿ ಸಿಸ್ಟಮ್ ಔಟನ್ನೇ ಬದಲಿಸಿ, ಆಮೇಲೆ ಮೊದಲಿನಂತೆ ಮಾಡಲು ಮರೆತರೆ ಮುಂದಿನ ಟೆಸ್ಟುಗಳಿಗೆಲ್ಲ ಮೌನವ್ರತ.

ಇನ್ನು ಅದೃಶ್ಯಾಕ್ಷರ. ಜೆಯುನಿಟ್ 5 ಹೇಳುತ್ತದೆ: ನಿರೀಕ್ಷಿಸಿದ್ದು <ಮೊತ್ತ: 40>, ಬಂದದ್ದು <ಮೊತ್ತ: 40. ಕೊನೆಯ ಕೊಕ್ಕೆ ಮಾತ್ರ ಒಂದು ಸಾಲು ಕೆಳಗೆ ಒಂಟಿಯಾಗಿ ಬಿದ್ದಿದೆ. ಅಜ್ಞಾನಿಯು ಲೆಕ್ಕ ತಪ್ಪಿತೆಂದು ಗುಣಾಕಾರವನ್ನು ತಿದ್ದುತ್ತಾನೆ. ಜ್ಞಾನಿಯು ಕೊಕ್ಕೆಯನ್ನು ನೋಡುತ್ತಾನೆ. ಅವನು ಬುದ್ಧಿವಂತಿಕೆಯಿಂದ ಟೆಸ್ಟಿಗೂ ಒಂದು ಹೊಸಸಾಲು ಸೇರಿಸಿದನೆನ್ನಿ, ಲಿನಕ್ಸಿನಲ್ಲಿ ಪಾಸು, ವಿಂಡೋಸಿನಲ್ಲಿ ಮತ್ತೆ ಫೇಲು. ಅಲ್ಲಿ ಸಾಲು ಮುಗಿಯಲು ಒಂದಲ್ಲ, ಎರಡು ಅದೃಶ್ಯಾಕ್ಷರ. (ದ್ವೈತಿಗಳು ಹಿಗ್ಗಬೇಕಿಲ್ಲ.) ಗೋ ಭಾಷೆಯವರು ಉದಾರಿಗಳು: ಉದಾಹರಣೆಯ ಕೆಳಗೆ ಕಾಮೆಂಟಿನಲ್ಲೇ ಔಟ್‌ಪುಟ್ ಬರೆಯುತ್ತಾರೆ, ಹೋಲಿಸುವಾಗ ಹಿಂದುಮುಂದಿನ ಖಾಲಿ ಜಾಗವನ್ನು ಕ್ಷಮಿಸಿಬಿಡುತ್ತಾರೆ. ಇಂಥ ಸಡಿಲಿನಿಂದಲೇ ಸಂಪ್ರದಾಯಗಳು ಕೆಡುವುದು.

ಕೆಲವು ನಾಸ್ತಿಕರು ಹೇಳುವುದುಂಟು: ಸಾಲನ್ನು ಕಟ್ಟಿಕೊಡುವ ಫಂಕ್ಷನ್ ಒಂದು, ಅದನ್ನು ಪ್ರಿಂಟ್ ಮಾಡುವುದು ಇನ್ನೊಂದು ಎಂದು ಬೇರ್ಪಡಿಸಿ, ಮೊದಲನೆಯದನ್ನು ಟೆಸ್ಟ್ ಮಾಡಿದರೆ ಬುಟ್ಟಿಯೂ ಬೇಡ, ಕೊಕ್ಕೆಯ ಶೋಧವೂ ಬೇಡ ಎಂದು. ವಾದದಲ್ಲಿ ದೋಷ ಕಾಣದು. ಆದರೆ ಒಪ್ಪಿದರೆ ಈ ಶಾಸ್ತ್ರವೇ ಇಲ್ಲವಾಗುವುದರಿಂದ ಅದನ್ನು ಇಲ್ಲಿಯೇ ಖಂಡಿಸಲಾಗಿದೆ.