ಸೋಲಾರ್ ಮೇಷ್ಟ್ರು

ಮೇ ತಿಂಗಳು. ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಹೊಗೆಸೊಪ್ಪಿನ ಸಸಿ ನೆಡಲು ಕಾದಿರುವ ರೈತರೆಲ್ಲ ಪಡುವಣಕ್ಕೆ ಕತ್ತೆತ್ತಿ, ಕೊಡಗಿನ ಕಡೆಯಿಂದ ಒಂದು ಮೋಡ ಬರಲಪ್ಪಾ ಎಂದು ನೋಡುತ್ತಿರುತ್ತಾರೆ. ಅದೇ ಮೋಡ ಕಂಡು ಹಲ್ಲು ಕಡಿಯುವವರು ಇಡೀ ಬೀದಿಗೆ ಒಬ್ಬರೇ. ಅವರೇ ನಮ್ಮ ಸೋಲಾರ್ ಮೇಷ್ಟ್ರು.

ಅವರಿಗೆ ಅಪ್ಪ-ಅಮ್ಮ ಇಟ್ಟ ಹೆಸರು ಬೇರೆ ಇದೆ. ತಾರಸಿಯ ಮೇಲೆ ಆರು ನೀಲಿ ಹಲಗೆ ಏರಿದ ದಿನದಿಂದ ಊರು ಅದನ್ನು ಮರೆತಿದೆ. ಇಂಥವರು ಊರಿಗೊಬ್ಬರಿದ್ದಾರೆ: ಹುಣಸೂರಿನಲ್ಲಿ ಮೇಷ್ಟ್ರಾದರೆ, ಕೆ.ಆರ್. ನಗರದಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು, ಎಚ್.ಡಿ. ಕೋಟೆಯಲ್ಲಿ ತೋಟದ ಯಜಮಾನರು. ಲಕ್ಷಣ ಮಾತ್ರ ಒಂದೇ: ಮಗ ಬೆಂಗಳೂರಿನಲ್ಲಿ, ದುಡ್ಡು ಠೇವಣಿಯಲ್ಲಿ, ನಡುಹಗಲಲ್ಲಿ ಮಾಡಲು ಕೆಲಸವಿಲ್ಲ.

ಕಥೆ ಶುರುವಾಗಿದ್ದು 2024ರ ಫೆಬ್ರುವರಿಯಲ್ಲಿ, ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ಪ್ರಕಟಿಸಿದಾಗ. ಮೇಷ್ಟ್ರು ಮದುವೆ ಆಮಂತ್ರಣವೊಂದರ ಬೆನ್ನಿನ ಮೇಲೆ ಲೆಕ್ಕ ಹಾಕಿದರು. ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ ಸಬ್ಸಿಡಿ, ಮೂರನೆಯದಕ್ಕೆ 18,000, ಒಟ್ಟು 78,000. ಅದರಾಚೆ ಹತ್ತು ಕಿಲೋವ್ಯಾಟ್ ಹಾಕಿಸಿದರೂ ಎಪ್ಪತ್ತೆಂಟೇ. ಹಾಗಾಗಿ ಮೂರು. ಸಬ್ಸಿಡಿ ಎಲ್ಲಿ ನಿಲ್ಲುತ್ತದೋ ಮೇಷ್ಟ್ರ ಆಸೆಯೂ ಅಲ್ಲೇ ನಿಂತಿತು.

ಎದುರುಮನೆಯ ಹೊಗೆಸೊಪ್ಪಿನ ರೈತನಿಗೆ ಇದು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ರಾಜ್ಯ ಸರ್ಕಾರದ ಗೃಹಜ್ಯೋತಿ 2023ರ ಆಗಸ್ಟಿನಿಂದಲೇ ಶೂನ್ಯ ಬಿಲ್ಲು ಕೊಡುತ್ತಿದೆಯಲ್ಲ, ಮನೆಗೆ ಗೊತ್ತುಮಾಡಿದ ಮಿತಿಯೊಳಗೆ, ಹೆಚ್ಚೆಂದರೆ 200 ಯೂನಿಟ್ಟಿನೊಳಗೆ, ಇದ್ದರಾಯಿತು.

“ಅಲ್ಲ ಮೇಷ್ಟ್ರೇ, ಸರ್ಕಾರದೋರು ಕೊಡೋ ಬಿಟ್ಟಿ ಕರೆಂಟ್ ಬುಟ್ಟು, ಎರಡು ಲಕ್ಸ ಸುರಿದು ಬಿಟ್ಟಿ ಕರೆಂಟ್ ಮಾಡ್ಕಂಡ್ರಾ?”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಅದು ಅವರ ಬಿಟ್ಟಿ ಕಣಯ್ಯ. ಇದು ನನ್ನ ಬಿಟ್ಟಿ.”

ಅರ್ಜಿ ಹಾಕಲು ಕೂತಾಗ ಗೊತ್ತಾಯಿತು, ಮನೆಯ ಆರ್.ಆರ್. ನಂಬರು ಇನ್ನೂ ತೀರಿಕೊಂಡ ತಂದೆಯವರ ಹೆಸರಿನಲ್ಲೇ ಇದೆ ಎಂದು. ನಮ್ಮ ಊರುಗಳಲ್ಲಿ ಅರ್ಧ ಮೀಟರುಗಳು ಹೀಗೆಯೇ. ಮನೆಯಲ್ಲಿ ತಿಥಿ ಮಾಡಿಸಿಕೊಳ್ಳುವವರು ಬಿಲ್ಲಿನಲ್ಲಿ ಬದುಕಿರುತ್ತಾರೆ. ಮರಣ ಪತ್ರ, ವಂಶವೃಕ್ಷ, ಖಾತೆ, ಕಂದಾಯದ ರಸೀದಿ, ತಂಗಿಯರಿಬ್ಬರ ಒಪ್ಪಿಗೆ. ಒಪ್ಪಿಗೆ ಕೊಡಲು ಬಂದ ತಂಗಿಯರು ಮೂರು ದಿನ ಉಳಿದರು. ಆಸ್ತಿಯ ಹಳೇ ಮಾತೂ ಒಂದೆರಡು ಬಂತು, ಹೋಯಿತು. ಈ ಓಡಾಟಕ್ಕೆಲ್ಲ ಎಲ್ಲರ ಬಾಯಲ್ಲಿ ಹೆಸರು ‘ಕೆಇಬಿ ಕೆಲಸ’ವೇ. ಆ ವಿದ್ಯುತ್ ಮಂಡಳಿ ಮುಗಿದು ಕಾಲು ಶತಮಾನವಾಗಿದೆ, ಬೋರ್ಡಿನ ಮೇಲೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಎಂದು ಬರೆದಿದೆ. ಜನರ ನಾಲಿಗೆಗೆ ಇನ್ನೂ ಸುತ್ತೋಲೆ ತಲುಪಿಲ್ಲ.

ಹಲಗೆಗಳು ಏರಿದ ದಿನ ಮೇಷ್ಟ್ರ ಹೆಂಡತಿಗೆ ಒಂದು ಸತ್ಯ ಹೊಳೆಯಿತು. ಮೂರು ಕಿಲೋವ್ಯಾಟಿಗೆ ಸುಮಾರು ಮುನ್ನೂರು ಚದರಡಿ ಬೇಕು. ಆ ಮುನ್ನೂರು ಚದರಡಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಒಣಗುತ್ತಿದ್ದವು.

“ಅದಕ್ಕೇ ಕಣೇ ಏಳಡಿ ಎತ್ತರಿಸಿ ಕಂಬಿ ಹಾಕಿಸಿರೋದು. ಕೆಳಗೆ ಎಷ್ಟು ಬೇಕಾದ್ರೂ ಹರವಿಕೋ.”

“ಕೆಳಗೆ ನೆರಳಲ್ವೇನ್ರೀ?”

ಮೂವತ್ತನಾಲ್ಕು ವರ್ಷ ವಿಜ್ಞಾನ ಪಾಠ ಮಾಡಿದವರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಆ ವರ್ಷ ಸಂಡಿಗೆಯನ್ನು ಪಕ್ಕದ ಮನೆಯ ತಾರಸಿಯಲ್ಲಿ ಒಣಗಿಸಿದರು. ಒಣಗಿಸಿದ್ದಕ್ಕೆ ಪಕ್ಕದ ಮನೆಯವರು ಪಾಲು ತೆಗೆದುಕೊಂಡರು. ಹೆಂಡತಿ ಅದನ್ನು ಬಿಸಿಲಿನ ಬಾಡಿಗೆ ಎಂದು ಕರೆಯುತ್ತಾರೆ, ಇವತ್ತಿಗೂ ಮೇಷ್ಟ್ರ ಲೆಕ್ಕದ ಪುಸ್ತಕದಲ್ಲಿ ಬರೆಸಬೇಕೆಂದು ಹಟ ಹಿಡಿದಿದ್ದಾರೆ.

ನೆಟ್ ಮೀಟರ್ ಬರುವತನಕ ಸ್ವಿಚ್ ಒತ್ತಬೇಡಿ ಎಂದು ಹಲಗೆ ಕೂರಿಸಿದ ಹುಡುಗರು ಹೇಳಿ ಹೋಗಿದ್ದರು. ಮೇಷ್ಟ್ರಿಗೆ ತಡೆಯಲಿಲ್ಲ. ಒಂದು ಮಧ್ಯಾಹ್ನ ಕದ್ದು ಒತ್ತಿದರು. ಹಳೆಯ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಹಲವಕ್ಕೆ ಕರೆಂಟು ಯಾವ ಕಡೆಗೆ ಹರಿಯುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ಒಳಗೆ ಬಂದರೂ ಏರುತ್ತದೆ, ಹೊರಗೆ ಹೋದರೂ ಏರುತ್ತದೆ. ಮೇಷ್ಟ್ರು ಊರಿಗೆ ದಾನ ಮಾಡಿದ ಕರೆಂಟಿಗೆ ಅವರಿಗೇ ಬಿಲ್ಲು ಬಂತು.

ನೆಟ್ ಮೀಟರ್ ಬಂದ ಮೇಲೆ ದಿನಚರಿಯೇ ಬದಲಾಯಿತು. ಬೆಳಗ್ಗೆ ಎದ್ದು ದೇವರ ಪಟಕ್ಕೆ ಮೊದಲು ಮೊಬೈಲಿನ ಆಪ್ ನೋಡುವುದು. ಆಮೇಲೆ ಉದ್ದ ಕೋಲಿನ ಮಾಪ್ ಹಿಡಿದು ಮೇಲೇರುವುದು, ಬಿಸಿಲೇರುವ ಮೊದಲೇ, ಏಕೆಂದರೆ ಕಾದ ಗಾಜಿಗೆ ತಣ್ಣೀರು ಬೀಳಬಾರದು. ಬೋರ್‌ವೆಲ್ ನೀರು ಬಿಳಿ ಕಲೆ ಬಿಡುತ್ತದೆಂದು ಹಲಗೆಗೆ ಮಳೆನೀರು ಹಿಡಿದಿಟ್ಟಿದ್ದಾರೆ. ಅವರ ಸ್ನಾನಕ್ಕೆ ಬೋರ್‌ವೆಲ್ಲೇ ಸಾಕು. ಮನೆಗೆ ಹೊಸ ಕಾನೂನು: ಮಿಕ್ಸಿ, ಗ್ರೈಂಡರ್, ವಾಷಿಂಗ್ ಮಷೀನ್ ಎಲ್ಲ ಹನ್ನೊಂದರಿಂದ ಎರಡರವರೆಗೆ. ಇಡ್ಲಿ ಹಿಟ್ಟೇನೋ ಒಪ್ಪಿಕೊಂಡಿತು. ಬೆಳಗಿನ ಏಳು ಗಂಟೆಯ ಚಟ್ನಿ ಒಪ್ಪಲಿಲ್ಲ.

“ಏನಪ್ಪಾ, ಇವತ್ತು ಒಂಬತ್ತೇ ಯೂನಿಟ್ಟು?” ಎಂದು ಬೆಂಗಳೂರಿನಿಂದ ಮಗ ಫೋನ್ ಮಾಡುತ್ತಾನೆ. ಅವನೂ ಆಪ್ ಹಾಕಿಕೊಂಡಿದ್ದಾನೆ. ಮೊದಲೆಲ್ಲ ಬಿಪಿ ಎಷ್ಟು ಎಂದು ಕೇಳುತ್ತಿದ್ದ.

ಮೂರು ಕಿಲೋವ್ಯಾಟಿಗೆ ಒಳ್ಳೆಯ ದಿನ ಹನ್ನೆರಡು ಯೂನಿಟ್ ಬರಬೇಕು. ಬೇಸಿಗೆಯ ರಣಬಿಸಿಲಿಗೆ ಇನ್ನೂ ಹೆಚ್ಚು ಬರುತ್ತದೆಂದು ಮೇಷ್ಟ್ರು ಅಂದುಕೊಂಡಿದ್ದರು. ಹಲಗೆಯ ಶಕ್ತಿಯನ್ನು ಅಳೆಯುವುದು ಅದರ ಮೈ 25 ಡಿಗ್ರಿ ಇರುವಾಗ. ಮೈ ಕಾದಷ್ಟೂ ಇಳುವರಿ ಇಳಿಯುತ್ತದೆ. ಬಿಸಿಲು ಬೇಕು, ಬಿಸಿ ಬೇಡ. ಈ ಸೂಕ್ಷ್ಮವನ್ನು ಜೀರ್ಣಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ತಲೆನೋವು: ಹಲಗೆ ದಕ್ಷಿಣಕ್ಕೆ ಮುಖ ಮಾಡಿವೆ, ಆದರೆ ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಓರೆ ಕಡಿಮೆ ಇರುವುದರಿಂದ ನಷ್ಟ ಅಷ್ಟೇನಿಲ್ಲ. ಮೇಷ್ಟ್ರಿಗೆ ಮಾತ್ರ ಸೂರ್ಯ ಬೆನ್ನು ಹಾಕಿ ಹೋದಂತೆ ಅನ್ನಿಸುತ್ತದೆ.

ಯಾರಾದರೂ ಕೈಗೆ ಸಿಕ್ಕರೆ ಪಾಠ ಶುರು. ಕೆ.ಆರ್. ನಗರ ದಾಟಿ ಹೋದ ಕಾವೇರಿಯೇ 1902ರಲ್ಲಿ ಶಿವನಸಮುದ್ರದಲ್ಲಿ ಧುಮುಕಿ ಕರೆಂಟಾಗಿದ್ದು, ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿಗೆ 1905ರಲ್ಲಿ, ನಮ್ಮ ಮೈಸೂರಿಗೆ 1908ರಲ್ಲಿ. “ಅರಮನೆ ಊರೇ ಆರು ವರ್ಷ ಕಾದಿತ್ತು ಕಣಯ್ಯ. ಈಗ ನಾನು ಯಾರಿಗೂ ಕಾಯೋ ಹಾಗಿಲ್ಲ!” ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟಿನದು, ಮೇಷ್ಟ್ರು ಅದನ್ನು ತಮ್ಮದಕ್ಕೆ ಹೋಲಿಸುವಾಗ ಪಾವಗಡವೇ ಸ್ವಲ್ಪ ಚಿಕ್ಕದಾಗಿ ಕೇಳಿಸುತ್ತದೆ.

ಈ ಪಾಠಕ್ಕೆ ಬಗ್ಗದವನು ಎಚ್.ಡಿ. ಕೋಟೆಯ ಕಾಡಂಚಿನಿಂದ ಬರುವ ಭಾವಮೈದ. “ಸೋಲಾರ್ ಅಂದ್ರೆ ನಮ್ ಕಡೆ ಆನೆ ಬೇಲಿ ಕಣ್ ಭಾವ. ದಂತಕ್ಕೆ ಕರೆಂಟ್ ಹೊಡೆಯಲ್ಲ ಅಂತ ಆನೆಗೂ ಗೊತ್ತು. ತಂತಿ ಮೇಲೆ ಮರ ಕೆಡವ್ಕಂಡು ದಾಟ್ಕಂಡ್ ಹೋಯ್ತದೆ.” ನಾಗರಹೊಳೆ ಅಂಚಿನ ಹಾಡಿಗಳಲ್ಲಿ ತಂತಿ ಬರುವ ಮೊದಲೇ ಸೋಲಾರ್ ದೀಪ ಉರಿದದ್ದನ್ನೂ ಆತ ನೆನಪಿಸುತ್ತಾನೆ. ತಾವೇ ಮೊದಲಿಗರು ಎಂದುಕೊಂಡಿದ್ದ ಮೇಷ್ಟ್ರು ಆಗ ಕಾಫಿ ತರಿಸುತ್ತಾರೆ.

ಬ್ಯಾಟರಿ ಬಂದದ್ದು ಅವಮಾನದಿಂದ. ಒಂದು ನಡುಹಗಲು ಕರೆಂಟು ಹೋಯಿತು. ಮೇಲೆ ನಿಗಿನಿಗಿ ಬಿಸಿಲು, ಬೀದಿಯವರೆಲ್ಲ ನೋಡುತ್ತಿದ್ದಾರೆ, ಮೇಷ್ಟ್ರ ಮನೆಯ ಫ್ಯಾನೂ ನಿಂತಿದೆ! ಲೈನ್‌ಮನ್ ಬಂದು ಸಮಾಧಾನ ಹೇಳಿದ: “ಲೈನು ಸತ್ರೆ ನಿಮ್ದೂ ತಾನಾಗೇ ನಿಲ್ಲಬೇಕು ಸಾ. ಇಲ್ಲಾಂದ್ರೆ ಕಂಬ ಹತ್ತಿರೋ ನಾನು ನಿಮ್ಮ ಕರೆಂಟಿಗೆ ಹೋಗ್‌ಬಿಡ್ತೀನಿ.” ಆತನ ಜೀವಕ್ಕಿಂತ ಫ್ಯಾನು ದೊಡ್ಡದಲ್ಲ ನಿಜ. ಆದರೆ ಎದುರುಮನೆಯ ರೈತ ಜಗಲಿಯ ಮೇಲೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತ ನಕ್ಕದ್ದು ಮೇಷ್ಟ್ರಿಗೆ ನಾಟಿತು.

ಇನ್ವರ್ಟರ್ ಬದಲಾಯಿಸಿ ಹೈಬ್ರಿಡ್ ಹಾಕಿಸಿದರು. ಐದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ, ಡಿಸ್ಟಿಲ್ಡ್ ವಾಟರ್ ಸುರಿಯುವ ಗೋಜಿಲ್ಲ. ಬ್ಯಾಟರಿಗೆ ಸಬ್ಸಿಡಿಯೂ ಇಲ್ಲ. ಎಡತೊರೆಯ ಅರ್ಕೇಶ್ವರನ ಗುಡಿಗೆ ಹೋಗಿ ಅರ್ಚನೆ ಮಾಡಿಸಿದರು. ಅರ್ಕನೆಂದರೆ ಸೂರ್ಯ, ಸಂಬಂಧಪಟ್ಟ ಇಲಾಖೆ ಅದೇ. ಹೆಸರು, ನಕ್ಷತ್ರ ಕೇಳಿದ ಅರ್ಚಕರಿಗೆ ಕಿಲೋವ್ಯಾಟನ್ನೂ ಹೇಳಿದರಂತೆ.

ಆಷಾಢ ಬಂತು. ಕೊಡಗಿನ ಮೋಡ ಹಾಸಿಗೆ ಹಾಸಿ ಮಲಗಿತು. ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುವುದೂ, ಬಿಸಿಲು ಇಲ್ಲದಿರುವುದೂ ನಮ್ಮಲ್ಲಿ ಒಂದೇ ತಿಂಗಳು. ಆಪ್ ಒಂದು ದಿನ ನಾಲ್ಕು ಯೂನಿಟ್ ತೋರಿಸಿತು, ಮತ್ತೊಂದು ದಿನ ಮೂರು. ಹೊಗೆಸೊಪ್ಪಿನ ಹೊಲ ಮಾತ್ರ ಮೊಣಕಾಲುದ್ದ ಬೆಳೆದು ನಗುತ್ತಿತ್ತು.

ಒಂದು ಸಂಜೆ ಏಳಕ್ಕೆ ಕರೆಂಟು ಹೋಯಿತು. ಬೀದಿಯೆಲ್ಲ ಕತ್ತಲೆ. ಎದುರುಮನೆಯ ರೈತ ಎರಡು ಮೊಬೈಲು, ಒಂದು ಟಾರ್ಚು ಹಿಡಿದು ಚಾರ್ಜಿಗೆಂದು ಮೇಷ್ಟ್ರ ಬಾಗಿಲಿಗೆ ಬಂದ. ಒಳಗೂ ಕತ್ತಲೆಯೇ. ನಡುಮನೆಯಲ್ಲಿ ಮೇಣದ ಬತ್ತಿ ಉರಿಯುತ್ತಿತ್ತು, ಅದರ ಬೆಳಕಿನಲ್ಲಿ ಮೇಷ್ಟ್ರು ಮೊಬೈಲು ನೋಡುತ್ತ ಕೂತಿದ್ದರು.

“ಯಾಕ್ ಮೇಷ್ಟ್ರೇ, ಬ್ಯಾಟ್ರಿ ಕೆಟ್ಟೋಯ್ತಾ?”

“ಛೆ, ಛೆ. ತೊಂಬತ್ತೆಂಟು ಪರ್ಸೆಂಟ್ ಇದೆ ನೋಡು,” ಎಂದು ಮೇಷ್ಟ್ರು ಪರದೆ ತಿರುಗಿಸಿ ತೋರಿಸಿದರು. “ನಾನೇ ಆಫ್ ಮಾಡಿದೀನಿ. ನಾಳೆ ಮೋಡ ಅಂತಿದಾರೆ, ಅರ್ಜೆಂಟಿಗೆ ಬೇಕಾಗುತ್ತೆ.”

ಅಡುಗೆಮನೆಯ ಕತ್ತಲೆಯಿಂದ ಒರಳುಕಲ್ಲಿನ ಸದ್ದು ಕೇಳುತ್ತಿತ್ತು.